ಆರಿಸಿ ಬಂದವರ ಸೋಲು

(ಹೊಸಪೇಟೆಯ ನಾಗರಿಕರ ಹಾಗೂ ಶಿಕ್ಷಕರ ಸಭೆಯಲ್ಲಿ ಮಾಡಿದ ಭಾಷಣ)



2023ನೆಯ ಇಸವಿಯ ಮೇ 13ರಂದು ಮತಗಳ ಎಣಿಕೆಯು ಮುಗಿದಾಗ ನಮ್ಮ ವಿಜಯನಗರ ಜಿಲ್ಲೆಯಲ್ಲಿ ಒಂದು ವಿಶೇಷ ಸಂಗತಿಯು ಕಂಡುಬಂದಿತು. ಜಿಲ್ಲೆಯ ವಿಧಾನಸಭಾ ಕ್ಷೇತ್ರಗಳು ಐದು. ಆ ಐದರಲ್ಲಿ ಒಂದರಿಂದಲಾದರೂ ಹಿಂದಿನ ಸದಸ್ಯರು ಮರಳಿ ಆರಿಸಿ ಬರಲಿಲ್ಲ. ಹಡಗಲಿಯಲ್ಲಿ ಕಾಂಗ್ರೆಸ್ಸಿನ ಪಿ. ಟಿ. ಪರಮೇಶ್ವರ ನಾಯ್ಕರು ಭಾರತೀಯ ಜನತಾ ಪಕ್ಷದ ಕೃಷ್ಣ ನಾಯ್ಕರಿಗೆ ಸೋತರು. ಹಗರಿಬೊಮ್ಮನಹಳ್ಳಿಯಲ್ಲಿ ಕಾಂಗ್ರೆಸ್ಸಿನ ಭೀಮಾ ನಾಯ್ಕರು ಜನತಾದಳದ ನೇಮಿರಾಜ ನಾಯ್ಕರಿಗೆ ಸೋತರು. ಹರಪನಹಳ್ಳಿಯಲ್ಲಿ ಭಾರತೀಯ ಜನತಾ ಪಕ್ಷದವರಾದ ಕರುಣಾಕರ ರೆಡ್ಡಿಯವರನ್ನು, ಯಾವ ಪಕ್ಷದ ಚಿಹ್ನೆಯೂ ಇಲ್ಲದೆ ನಿಂತ ಲತಾ ಮಲ್ಲಿಕಾರ್ಜುನರು ಸೋಲಿಸಿದರು. ಕೂಡ್ಲಿಗಿಯ ಗೋಪಾಲಕೃಷ್ಣರು ಪಕ್ಷವನ್ನೂ ಕ್ಷೇತ್ರವನ್ನೂ ಬದಲಿಸಿ ಮೊಳಕಾಲ್ಮುರಿಗೆ ಹೋಗಿ ಅಲ್ಲಿ ಗೆದ್ದರು. ನಮ್ಮ ಹೊಸಪೇಟೆಯಲ್ಲಿ ಆನಂದಸಿಂಗರು ತಾವು ನಿಲ್ಲದೆ ಪುತ್ರರಾದ ಸಿದ್ಧಾರ್ಥಸಿಂಗರನ್ನು ನಿಲ್ಲಿಸಿದರು. ಪುತ್ರರು ಕಾಂಗ್ರೆಸ್ಸಿನ ಗವಿಯಪ್ಪನವರಿಗೆ ಸೋತರು.

ಇದು ಒಂದು ಪಕ್ಷದ ಪ್ರವಾಹದಲ್ಲಿ ಇನ್ನೊಂದು ಪಕ್ಷವು ಕೊಚ್ಚಿಹೋದ ಕಥೆಯೆಂದು ಕೆಲವರು ಹೇಳುವದುಂಟು. ಆ ಮಾತು ಇಲ್ಲಿಗೆ ಹೊಂದುವದಿಲ್ಲ. ಆ ವರ್ಷ ಕಾಂಗ್ರೆಸ್ಸು ರಾಜ್ಯದಲ್ಲಿ 224ರಲ್ಲಿ 135 ಸ್ಥಾನಗಳನ್ನು ಗಳಿಸಿತು. ಪ್ರವಾಹವೆಂದರೆ ಅದೇ. ಆದರೂ ಅದೇ ಕಾಂಗ್ರೆಸ್ಸಿನ ಇಬ್ಬರು ಸದಸ್ಯರು ನಮ್ಮ ಜಿಲ್ಲೆಯಲ್ಲಿ ಮನೆಗೆ ಹೋದರು. ಅಂದಮೇಲೆ ನಮ್ಮ ಜನರು ಪಕ್ಷವನ್ನಷ್ಟೇ ನೋಡದೆ ಮನುಷ್ಯನನ್ನೂ ನೋಡಿ ಮತ ಕೊಟ್ಟರೆಂದೇ ತಿಳಿಯಬೇಕಾಗುತ್ತದೆ. ಬದಲಾವಣೆಯ ಚಟಕ್ಕಾಗಿ ಬದಲಾಯಿಸಿದರೆಂಬುದೂ ಪೂರ್ತಿ ಸರಿಯಲ್ಲ. ನೆರೆಯ ಸಂಡೂರು 2008ರಿಂದ ತುಕಾರಾಮರನ್ನು ಸತತವಾಗಿ ನಾಲ್ಕು ಸಲ ಆರಿಸಿತು. ಕಂಪ್ಲಿಯು 2008, 2013ರಲ್ಲಿ ಸುರೇಶಬಾಬುಗಳನ್ನು ಕಳಿಸಿ, 2018ರಲ್ಲಿ ಅವರನ್ನು ಸೋಲಿಸಿ, ಗೆದ್ದ ಗಣೇಶರನ್ನು 2023ರಲ್ಲಿ ಉಳಿಸಿಕೊಂಡಿತು. ಒಂದೇ ತುಂಗಭದ್ರೆಯ ನೀರು ಕುಡಿಯುವ ಊರುಗಳಲ್ಲಿ ತೀರ್ಪುಗಳು ಇಷ್ಟು ಬೇರೆ!

ಈ ತೀರ್ಪಿನ ಬೆಲೆಯೇನೆಂಬುದನ್ನು ಅರಿಯಲು ಸ್ವಲ್ಪ ಹಿಂದಕ್ಕೆ ಹೋಗೋಣ. ಬಳ್ಳಾರಿ ಸೀಮೆಯು 1953ರ ಅಕ್ಟೋಬರ 1ರ ವರೆಗೆ ಮದ್ರಾಸಿಗೆ ಸೇರಿದ್ದಿತಷ್ಟೆ. 1937ರ ಚುನಾವಣೆಯಲ್ಲಿ ಆ ಪ್ರಾಂತದ ಪ್ರಧಾನಿಯಾಗಿದ್ದ ಬೊಬ್ಬಿಲಿಯ ರಾಜರು ತಮ್ಮ ಸ್ವಂತ ಬೊಬ್ಬಿಲಿಯಲ್ಲಿಯೇ ವಿ. ವಿ. ಗಿರಿಯವರಿಗೆ ಸೋತರು. ಜಮೀನುದಾರನು ತನ್ನ ಜಮೀನಿನಲ್ಲಿಯೇ ಸೋಲುವದೆಂದರೆ ಅಂದಿನವರಿಗೆ ನಂಬಲಾರದ ಮಾತು. ಮತವಾದರೂ ಆಗ ಆಸ್ತಿ, ತೆರಿಗೆ, ಓದುಬರಹಗಳಿದ್ದ ಕೆಲವರಿಗಷ್ಟೇ ಇದ್ದಿತು. ಆ ಕೆಲವರೇ 215ರಲ್ಲಿ 159 ಸ್ಥಾನಗಳನ್ನು ಕಾಂಗ್ರೆಸ್ಸಿಗೆ ಕೊಟ್ಟು, ಅಧಿಕಾರವು ಯಾರ ಪಿತ್ರಾರ್ಜಿತವೂ ಅಲ್ಲವೆಂದು ತೋರಿಸಿದರು.

ಇನ್ನೊಂದು ಸೋಲು ನಮ್ಮ ಅಂತಃಕರಣಕ್ಕೆ ಹತ್ತಿರವಾದುದು. ಕರ್ನಾಟಕದ ಏಕೀಕರಣಕ್ಕಾಗಿ ದುಡಿದು, 1956ರ ನವೆಂಬರ 1ರಂದು ಒಂದಾದ ನಾಡಿನ ಮೊದಲನೆಯ ಮುಖ್ಯಮಂತ್ರಿಗಳಾದ ನಿಜಲಿಂಗಪ್ಪನವರು 1962ರಲ್ಲಿ ಹೊಸದುರ್ಗದಲ್ಲಿ ಪ್ರಜಾ ಸಮಾಜವಾದಿ ಪಕ್ಷದ ಜಿ. ಟಿ. ರಂಗಪ್ಪನವರಿಗೆ ಸೋತರು. ಹೊಸದುರ್ಗವು ಅವರ ಸ್ವಂತ ಚಿತ್ರದುರ್ಗ ಜಿಲ್ಲೆಯ ಊರು. ನಾಡನ್ನು ಕೂಡಿಸಿದವನನ್ನು ನಾಡೇ ಕೈಬಿಟ್ಟಿತೆಂದು ಮರುಗುವವರು ಇಂದಿಗೂ ಇದ್ದಾರೆ. ನಮಗೆ ಹಾಗೆ ತೋರುವದಿಲ್ಲ. ಹೊಸದುರ್ಗದ ಮತದಾರನು ಏಕೀಕರಣವನ್ನು ಸೋಲಿಸಲಿಲ್ಲ. ಏಕೀಕರಣದ ಪುಣ್ಯವನ್ನು ಚುನಾವಣೆಯಲ್ಲಿ ಹುಂಡಿಯಂತೆ ನಗದು ಮಾಡಿಕೊಳ್ಳಲಾಗದೆಂದನು, ಅಷ್ಟೆ. ಮನಸ್ಸಿಗೆ ಒಗ್ಗದ ಸಂಗತಿಯು ಅದರ ಮುಂದಿನದು. ಎಸ್. ಆರ್. ಕಂಠಿಯವರು ಮಾರ್ಚಿನಿಂದ ಜೂನಿನ ವರೆಗೆ ಪೀಠವನ್ನು ಕಾಯ್ದರು. ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಆರಿಸಿ ಬಂದು ಮುಖ್ಯಮಂತ್ರಿಗಳಾದರು. ಅವರ ಯೋಗ್ಯತೆಯ ವಿಷಯದಲ್ಲಿ ಎರಡು ಮಾತಿಲ್ಲ, ಅದರಲ್ಲಿ ಕಾನೂನಿನ ತಪ್ಪೂ ಇಲ್ಲ. ಆದರೆ ಹೆಬ್ಬಾಗಿಲಲ್ಲಿ ಜನರು ಬೇಡವೆಂದವರನ್ನು ಹಿತ್ತಿಲ ಬಾಗಿಲಿಂದ ಕರೆತರುವ ದಾರಿಯು ಅಂದು ರೂಢವಾಯಿತು.

1983ರಲ್ಲಿ ಗುಂಡೂರಾಯರು ಮುಖ್ಯಮಂತ್ರಿಗಳಾಗಿದ್ದುಕೊಂಡೇ ಸೋಮವಾರಪೇಟೆಯಲ್ಲಿ ಸೋತರು. ನರಗುಂದ ನವಲಗುಂದಗಳ ರೈತರೂ ಗೋಕಾಕ ಚಳುವಳಿಯ ಕನ್ನಡಿಗರೂ ಆ ಮೊದಲೇ ಲೆಕ್ಕ ಕೇಳಿದ್ದರು. ಮತಪೆಟ್ಟಿಗೆಯಲ್ಲಿ ಬಿದ್ದುದು ಆ ಲೆಕ್ಕದ ಕೊನೆಯ ಸಾಲು ಮಾತ್ರ.

ಇಲ್ಲಿಯೇ ನಮ್ಮ ಸೀಮೆಯ ಕೊರತೆಯಿರುವದು. ನಾವು ಸೋಲಿಸಬಲ್ಲೆವು, ಲೆಕ್ಕ ಕೇಳಲಾರೆವು. ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತ ಸಂತೋಷ ಹೆಗ್ಡೆಯವರು 2011ರಲ್ಲಿ ವರದಿ ಕೊಟ್ಟರು. ಅದೇ ವರ್ಷ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು. ಸಂಡೂರಿನ ಗುಡ್ಡಗಳು ಕರಗುತ್ತಿದ್ದಾಗ ಶಾಸನಸಭೆಯಲ್ಲಿ ತಮ್ಮ ಸದಸ್ಯರು ಏನು ಮಾತನಾಡಿದರೆಂದು ಯಾವ ಊರಿನ ಮತದಾರರು ಬರೆದಿಟ್ಟುಕೊಂಡಿದ್ದಾರೆ? ನಮ್ಮ ಅಣೆಕಟ್ಟಿನಲ್ಲಿ 133 ಟಿಎಂಸಿ ನೀರು ನಿಲ್ಲಬೇಕಾಗಿದ್ದಿತು. ಹೂಳು ತುಂಬಿ ಅದು 105ರ ಸುಮಾರಿಗೆ ಇಳಿದಿದೆ. 2024ರ ಆಗಸ್ಟಿನಲ್ಲಿ 19ನೆಯ ಗೇಟು ಕೊಚ್ಚಿಹೋದಾಗ ಊರೆಲ್ಲ ಓಡಿಬಂದು ನೋಡಿತು. ಹೂಳು ಒಂದೇ ವರ್ಷದಲ್ಲಿ ತುಂಬಿದ್ದಲ್ಲ. ಆ ಎಲ್ಲ ವರ್ಷಗಳಲ್ಲಿ ಎಷ್ಟು ಸದಸ್ಯರನ್ನು ನಾವು ಕಳಿಸಿದೆವು, ಎಷ್ಟು ಮಂದಿಯನ್ನು ಕೆಳಗಿಳಿಸಿದೆವು! ಹೂಳಿನ ಪ್ರಶ್ನೆಯನ್ನು ಕೇಳಿದವರಾರು, ಕೇಳದವರಾರು ಎಂಬ ಪಟ್ಟಿಯು ಮಾತ್ರ ನಮ್ಮಲ್ಲಿಲ್ಲ. ಕಾರಣವನ್ನು ಹೇಳದೆ ಸೋಲಿಸಿದರೆ ಸೋತವನು ಜಾತಿಯ ಲೆಕ್ಕ ತಪ್ಪಿತೆಂದೋ ಹಣ ಸಾಲದೆ ಹೋಯಿತೆಂದೋ ತಿಳಿದು, ಮುಂದಿನ ಸಲಕ್ಕೆ ಅದನ್ನೇ ಸರಿಪಡಿಸಲು ಹೋಗುವನು. ಗೆದ್ದವನು ಅದೇ ಪಾಠವನ್ನು ಕಲಿಯುವನು.

ಹಂಪಿಯ ಮಹಾನವಮಿ ದಿಬ್ಬವನ್ನು ನೀವೆಲ್ಲ ಹತ್ತಿದ್ದೀರಿ. ಸಂಗಮರು ಹೋಗಿ ಸಾಳುವರು, ಸಾಳುವರು ಹೋಗಿ ತುಳುವರು ಬಂದುದು ಪ್ರಜೆಗಳನ್ನು ಕೇಳಿ ಅಲ್ಲ. ಸಂಡೂರಿನಲ್ಲಿ 1949ರ ವಿಲೀನದ ವರೆಗೆ ತಂದೆಯ ಗಾದಿಯು ಮಗನಿಗೆ ಬರುವದೇ ಕಾನೂನು. ಈಗ ಸ್ಥಾನವು ಮನೆಯಲ್ಲಿ ಉಳಿಯಬೇಕಾದರೆ ಜನರ ಒಪ್ಪಿಗೆ ಬೇಕು. ಹೊಸಪೇಟೆಯು 2023ರಲ್ಲಿ ತಂದೆಯ ಸ್ಥಾನವನ್ನು ಮಗನಿಗೆ ಕೊಡಲಿಲ್ಲ. ತುಕಾರಾಮರು ಲೋಕಸಭೆಗೆ ಹೋದ ಮೇಲೆ ಸಂಡೂರು 2024ರ ಉಪಚುನಾವಣೆಯಲ್ಲಿ ಅವರ ಪತ್ನಿ ಅನ್ನಪೂರ್ಣಾ ಅವರಿಗೆ ಕೊಟ್ಟಿತು. ಎರಡೂ ಜನರ ಹಕ್ಕೇ. ಎರಡಕ್ಕೂ ಜನರು ಕಾರಣ ಹೇಳಬಲ್ಲರೇ ಎಂಬುದಷ್ಟೇ ನಮ್ಮ ಪ್ರಶ್ನೆ.

ವಿಧಾನಸಭೆಯ ಸದಸ್ಯನನ್ನು ಅವಧಿಯ ನಡುವೆ ಮರಳಿ ಕರೆಸುವ ಹಕ್ಕನ್ನು ಕಾನೂನು ನಮಗೆ ಕೊಟ್ಟಿಲ್ಲ. ಬೇರೆ ಸಾಧನಗಳಿವೆ. ಅಭ್ಯರ್ಥಿಯ ಆಸ್ತಿ, ಸಾಲ, ಮೊಕದ್ದಮೆಗಳ ಪ್ರಮಾಣಪತ್ರವನ್ನು ಯಾರಾದರೂ ಓದಬಹುದು. ಸದಸ್ಯನ ಕ್ಷೇತ್ರಾಭಿವೃದ್ಧಿ ನಿಧಿಯು ಯಾವ ಊರಿನ ಯಾವ ಕೆಲಸಕ್ಕೆ ವೆಚ್ಚವಾಯಿತೆಂಬುದನ್ನು 2005ರ ಮಾಹಿತಿ ಹಕ್ಕಿನ ಕಾಯಿದೆಯ ಮೇರೆಗೆ ಜಿಲ್ಲಾಧಿಕಾರಿಗಳ ಕಚೇರಿಯಿಂದ ಹತ್ತು ರೂಪಾಯಿ ಕೊಟ್ಟು ಕೇಳಬಹುದು. 30 ದಿನಗಳೊಳಗೆ ಉತ್ತರ ಬರಬೇಕು. ಅರ್ಜಿ ಬರೆಯಲು ವಕೀಲನೇ ಬೇಕಾಗಿಲ್ಲ, ಕನ್ನಡ ಬರೆಯಬಲ್ಲವನು ಸಾಕು. ಇಲ್ಲಿ ನೆರೆದವರು ಊರಿಗೊಬ್ಬರಂತೆ ಒಂದೊಂದು ಅರ್ಜಿ ಹಾಕಿದರೆ 2028ರ ಚುನಾವಣೆಗೆ ಮುಂಚೆಯೇ ಹೊಸಪೇಟೆಯ ಪಟ್ಟಿಯು ಸಿದ್ಧವಾದೀತು. ಕಂಪ್ಲಿಯವರೂ ಸಂಡೂರಿನವರೂ ತಮ್ಮ ತಮ್ಮದನ್ನು ಮಾಡಲಿ, ಅವರ ಸದಸ್ಯರು ಗೆದ್ದವರಾದರೂ ಸರಿಯೇ. ಅರ್ಜಿಯ ಮಾದರಿಯ ಪ್ರತಿಗಳನ್ನು ತಂದಿದ್ದೇವೆ. ಹೊರಡುವಾಗ ಬಾಗಿಲ ಬಳಿಯ ಮೇಜಿನಿಂದ ತೆಗೆದುಕೊಳ್ಳಬಹುದು.