ಅಳಿಸಲಾಗದ ಪುಸ್ತಕದ ಸಭೆಯಲ್ಲಿ ಯಾರು ಮಾತಾಡಬೇಕು?

(ಆಳಂದ ತಾಲೂಕಿನ ಕಿಣ್ಣಿ ಸುಲ್ತಾನದಲ್ಲಿ ಪಕ್ಷದ ಕಾರ್ಯಕರ್ತರ ಮುಂದೆ ಮಾಡಿದ ಭಾಷಣ)



ಪುಣೆ ಬೆಂಗಳೂರುಗಳಲ್ಲಿ ಕಂಪ್ಯೂಟರ್ ಕೆಲಸಕ್ಕೆ ಸೇರಿರುವ ನಮ್ಮ ಕಡೆಯ ಹುಡುಗರು ಊರಿಗೆ ಬಂದಾಗ ಒಂದು ಸುದ್ದಿ ತಂದರು. ಬ್ಲಾಕ್‌ಚೈನ್ ಎಂಬ ಹೊಸ ತರಹದ ಲೆಕ್ಕದ ಪುಸ್ತಕ ಕಟ್ಟುವವರು ಜಗತ್ತಿನ ದೊಡ್ಡ ಪಟ್ಟಣಗಳಲ್ಲಿ ಸಮ್ಮೇಳನ ನಡೆಸುತ್ತಾರೆ. ಅವುಗಳಲ್ಲಿ ಹೆಸರಾದ ಡೆವ್‌ಕಾನ್ 2014ರಲ್ಲಿ ಬರ್ಲಿನ್ನಿನಲ್ಲಿ ಆರಂಭವಾಯಿತು. 2024ರಲ್ಲಿ ಬ್ಯಾಂಕಾಕಿನಲ್ಲಿ 12,000ಕ್ಕೂ ಹೆಚ್ಚು ಜನ ಕೂಡಿದರು. 2026ರ ಸಮ್ಮೇಳನವನ್ನು ಮುಂಬೈಗೆ ಗೊತ್ತುಮಾಡಿದರು. ಬೆಂಗಳೂರಿನಲ್ಲಿಯೂ 2018ರಲ್ಲಿ ಇಥ್‌ಇಂಡಿಯಾ ಎಂಬ ಇಂಥದೇ ಕೂಟ ಮೊದಲಾಯಿತು. ಈ ಸಭೆಗಳಲ್ಲಿ ಯಾವ ವಿಷಯ ಬರಬೇಕು, ಯಾರು ಮಾತಾಡಬೇಕು ಎಂದು ಹೊರಗಿನವರಿಂದಲೂ ಸಲಹೆ ಕೇಳುವ ಪದ್ಧತಿಯಿದೆಯಂತೆ. "ನೀವು ಯಾರ ಹೆಸರು ಕೊಡ್ತೀರಿ ಮಾಸ್ತರೇ?" ಎಂದು ಹುಡುಗರು ಕೇಳಿದರು. ಕೇಳಿದ್ದು ಚೇಷ್ಟೆಗೆ ಇರಬಹುದು. ಆದರೂ ಇದಕ್ಕೆ ಉತ್ತರ ಕೊಡತಕ್ಕದ್ದೇ ಎಂದು ನಮ್ಮ ಅಭಿಪ್ರಾಯ. ಯಾಕೆಂದರೆ ಪುಸ್ತಕದಲ್ಲಿ ಯಾರ ಹೆಸರು ಇದೆ, ಯಾರದು ಇಲ್ಲ ಎಂಬುದರ ಮೇಲೆಯೇ ನಮ್ಮ ಜನದ ಬಾಳುವೆ ನಿಂತಿದೆ.

ಮೊದಲು ಆ ಪುಸ್ತಕ ಎಂಥದೆಂದು ತಿಳಿದುಕೊಳ್ಳೋಣ. 2008ರಲ್ಲಿ ಸತೋಷಿ ನಾಕಾಮೊಟೊ ಎಂಬ ಮರೆಹೆಸರಿನಲ್ಲಿ ಒಂದು ಲೇಖನ ಹೊರಟಿತು. 2009ರ ಜನವರಿ 3ರಂದು ಪುಸ್ತಕದ ಮೊದಲ ಪುಟ ಬಿತ್ತು. ಶಾಲೆಯ ಹಾಜರಿ ಪುಸ್ತಕವಿದೆಯಲ್ಲ, ಅದರ ಪ್ರತಿಯೊಂದು ಪುಟದ ತಲೆಯ ಮೇಲೆ ಹಿಂದಿನ ಪುಟದ ಮುದ್ರೆ ಇದೆಯೆಂದು ಇಟ್ಟುಕೊಳ್ಳಿ. ಹಿಂದಿನ ಪುಟದಲ್ಲಿ ಒಂದು ಅಕ್ಷರ ತಿದ್ದಿದರೂ ಮುದ್ರೆ ಕೆಡುವುದು, ಮುಂದಿನ ಎಲ್ಲ ಪುಟಗಳೂ ಸುಳ್ಳಾಗುವುವು. ಮೇಲಾಗಿ ಇದೇ ಪುಸ್ತಕದ ಸಾವಿರಾರು ನಕಲುಗಳು ಸಾವಿರಾರು ಕಡೆ ಇರುತ್ತವೆ. ಆದುದರಿಂದ ಗುಟ್ಟಾಗಿ ಅಳಿಸುವುದು ಸಾಧ್ಯವಿಲ್ಲ. ಒಳ್ಳೆಯ ವಿದ್ಯೆಯೇ. ಯಂತ್ರ ಕಂಡೊಡನೆ ಕಲ್ಲು ಎತ್ತುವವರು ನಾವಲ್ಲ. ಪಟವಾರಿಯ ದಫ್ತರದ ಶಾಯಿಗೆ ಅಂಜಿ ಬದುಕಿದ ಜನ ಅಳಿಸಲಾಗದ ಪುಸ್ತಕವನ್ನು ಬೇಡವೆನ್ನಲಾರರು.

ಆದರೆ ಪುಟದ ಮೇಲೆ ಮೊದಲ ಸಲ ಬರೆಯುವ ಕೈ ಯಾರದು? ಬರೆದದ್ದು ನಿಜವೆಂದು ನೋಡಿದವರು ಯಾರು? ಇದಕ್ಕೆ ಮುದ್ರೆ ಉತ್ತರ ಕೊಡುವುದಿಲ್ಲ. ಸುಳ್ಳನ್ನು ಬರೆದರೆ ಸುಳ್ಳೇ ಭದ್ರವಾಗುತ್ತದೆ.

ದೂರದ ಉದಾಹರಣೆ ಬೇಡ, ನಮ್ಮ ಆಳಂದವನ್ನೇ ನೋಡಿ. 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಈ ಕ್ಷೇತ್ರದ ಮತದಾರರ ಪಟ್ಟಿಯಿಂದ ಹೆಸರು ತೆಗೆಯಿರೆಂದು ಆನ್‌ಲೈನಿನಲ್ಲಿ ಏಳನೇ ನಮೂನೆಯ 6,018 ಅರ್ಜಿಗಳು ಬಂದವು. ವಿಚಾರಿಸಿ ನೋಡಿದರೆ ಸರಿಯಾದವು 24. ಉಳಿದ 5,994 ಅರ್ಜಿಗಳು ತಪ್ಪು. ಇದು ಚುನಾವಣಾ ಅಧಿಕಾರಿಗಳೇ ಕೊಟ್ಟ ಲೆಕ್ಕ. 2023ರ ಫೆಬ್ರವರಿ 21ರಂದು ಪೊಲೀಸರಿಗೆ ದೂರು ಹೋಯಿತು. ಮಾಡಿಸಿದವರು ಯಾರೆಂಬುದನ್ನು ನ್ಯಾಯಾಲಯ ತೀರ್ಮಾನಿಸಬೇಕು, ಇಂದಿನ ನಮ್ಮ ವಿಷಯ ಅದಲ್ಲ. ಅದು ಹೊರಬಿದ್ದ ಬಗೆ ನಮ್ಮ ವಿಷಯ. ಮತಗಟ್ಟೆಯ ಒಬ್ಬ ನೌಕರಳು ತನ್ನ ಬಂಧುವಿನ ಹೆಸರನ್ನೇ ತೆಗೆಯಲು ಅರ್ಜಿ ಬಂದುದನ್ನು ಕಂಡಳು. ಅರ್ಜಿ ನೆರೆಯವರ ಹೆಸರಿನಲ್ಲಿತ್ತು. ಹೋಗಿ ಕೇಳಿದರೆ, ನಾನು ಕೊಟ್ಟೇ ಇಲ್ಲ ಎಂದರು. ಯಂತ್ರದ ಕಣ್ಣಿಗೆ ಆ ಅರ್ಜಿಯಲ್ಲಿ ಕೊರತೆಯಿರಲಿಲ್ಲ. ಹೆಸರಿತ್ತು, ನಂಬರಿತ್ತು. ಸುಳ್ಳೆಂದು ಹೇಳಿದ್ದು ಬಾಗಿಲ ಮುಂದೆ ನಿಂತು ಕೇಳಿದ ಒಂದು ಮಾತು.

ಆದುದರಿಂದ ನಮ್ಮ ಮೊದಲ ಹೆಸರು ಇದು: ಮನೆ ಮನೆಗೆ ಪಟ್ಟಿ ಹಿಡಿದು ಅಲೆಯುವ ಮತಗಟ್ಟೆಯ ನೌಕರರು, ಅಂಗನವಾಡಿಯ ತಾಯಂದಿರು, ಶಾಲೆಯ ಮಾಸ್ತರರು. ಅವರಲ್ಲಿ ಒಬ್ಬರನ್ನು ವೇದಿಕೆಗೆ ಕರೆಯಿರಿ. ವಿಷಯ: ಈ ಮನುಷ್ಯ ಈ ಮನುಷ್ಯನೇ ಎಂದು ಗೊತ್ತು ಮಾಡುವುದು ಹೇಗೆ? ಬೀಗದ ಕೈ ನನ್ನದಾದರೆ ಹೆಸರು ನನ್ನದು ಎಂಬುದು ಆ ಪುಸ್ತಕದವರ ನಿಯಮ. ಬೀಗದ ಕೈಯನ್ನು ಇನ್ನೊಬ್ಬನು ನನ್ನ ಹೆಸರಿನಲ್ಲಿಯೇ ಮಾಡಿಸಿಕೊಂಡರೆ ಏನು ಮಾಡಬೇಕೆಂದು ಅವರು ಆ ತಾಯಿಯ ಮುಂದೆ ಹೇಳಲಿ.

ಏಳನೇ ನಮೂನೆ ಎಂದಾಗ ಇಲ್ಲಿಯ ಹಿರಿಯರಿಗೆ ಬೇರೊಂದು ನೆನಪು ಬರುತ್ತದೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಲ್ಲಿ ಗೇಣಿದಾರನು ಭೂಮಿ ಕೇಳಿ ಕೊಡಬೇಕಾದ ಅರ್ಜಿಯೂ ಏಳನೇ ನಂಬರಿನದೇ. 1979ರ ಜೂನ್ 30ರವರೆಗೆ ಅವಕಾಶವಿತ್ತು. ಭೂ ನ್ಯಾಯಮಂಡಲಿಯಲ್ಲಿ ಅಧಿಕಾರಿಯ ಜೊತೆಗೆ ಜನರ ಕಡೆಯ ಸದಸ್ಯರಿದ್ದರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರಿರಬೇಕೆಂದು ಕಾನೂನೇ ಹೇಳಿತ್ತು. ಪಹಣಿಯಲ್ಲಿ ಹೆಸರಿಲ್ಲದ ಗೇಣಿದಾರನ ಪರವಾಗಿ ನೆರೆಹೊಲದವನು ಬಂದು "ಈತ ಉಳುವುದನ್ನು ನಾನು ನೋಡಿದ್ದೇನೆ" ಎಂದು ಸಾಕ್ಷಿ ಹೇಳಬಹುದಾಗಿತ್ತು. ಪುಸ್ತಕ ಒಂದು ಹೇಳಿ ಜನ ಇನ್ನೊಂದು ಹೇಳಿದಾಗ ಜನರ ಮಾತನ್ನೂ ಕೇಳಿದ ಏರ್ಪಾಡು ಅದು. ಎಲ್ಲೆಡೆಯೂ ನ್ಯಾಯ ಸಿಕ್ಕಿತೆಂದು ನಾವು ಹೇಳುವುದಿಲ್ಲ. ಈ ಭಾಗದಲ್ಲಿ ಅಂಜಿ ಅರ್ಜಿಯನ್ನೇ ಹಾಕದವರೂ ಇದ್ದರು. ಆದರೂ ಆ ಮಂಡಲಿಯ ಮುಂದೆ ನಿಂತು ಭೂಮಿ ಪಡೆದ ಮುದುಕನೊಬ್ಬನನ್ನು ಎರಡನೆಯ ಭಾಷಣಕಾರನಾಗಿ ಕರೆಯಿರೆಂದು ನಾವು ಕೇಳುತ್ತೇವೆ. ಇಂಥವರು ಇನ್ನು ಬಹಳ ಮಂದಿ ಉಳಿದಿಲ್ಲ, ಬೇಗ ಕರೆಯಬೇಕು.

ಮೂರನೆಯವಳು ಪಾಲಿಗೆ ಹೊಲ ಮಾಡುವ ಹೆಣ್ಣುಮಗಳು. 1974ರ ಕಾನೂನು ಗೇಣಿಯನ್ನೇ ನಿಷೇಧಿಸಿದ್ದರಿಂದ ಇಂದು ಪಾಲಿಗೆ ಮಾಡುವವರ ಕರಾರು ಬಾಯಿಮಾತಿನದು, ಕಾಗದದಲ್ಲಿ ಅದು ಇಲ್ಲ. ಬೆಂಬಲ ಬೆಲೆಗೆ ತೊಗರಿ ಕೊಡಬೇಕಾದರೆ ಫ್ರೂಟ್ಸ್ ಎಂಬ ಸರಕಾರದ ಪಟ್ಟಿಯಲ್ಲಿ ರೈತನ ನಂಬರಿರಬೇಕು. ಆ ನಂಬರು ಪಹಣಿಗೆ ಅಂಟಿಕೊಂಡಿದೆ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಬಂತು, ಹೆಸರು ದೇಶವೆಲ್ಲ ಹಬ್ಬಿತು. ಬಿತ್ತಿ, ಕಳೆ ತೆಗೆದು, ರಾಶಿ ಮಾಡಿದವಳ ಹೆಸರು ಮಾತ್ರ ಯಾವ ಪುಟದಲ್ಲಿಯೂ ಇಲ್ಲ. ಆಕೆ ತನ್ನ ಪಾಲನ್ನು ಅಡತಿ ಅಂಗಡಿಯವನು ಹೇಳಿದ ಬೆಲೆಗೆ ಕೊಟ್ಟು ಬರುತ್ತಾಳೆ. ಈ ಪಹಣಿಯನ್ನೇ ನಾಳೆ ಅಳಿಸಲಾಗದ ಪುಸ್ತಕಕ್ಕೆ ಏರಿಸಿದರೆ ಆಕೆಯ ಇಲ್ಲದಿರುವಿಕೆಯೂ ಅಳಿಸಲಾಗದ್ದಾಗುತ್ತದೆ. ಇದಕ್ಕೆ ಅವರ ಜಾಣ್ಮೆಯಲ್ಲಿ ಏನಾದರೂ ದಾರಿಯುಂಟೇ? ಉಂಟಾದರೆ ಕಲಿಯಲು ನಾವು ಸಿದ್ಧ.

ಇದು ಬರೀ ಊಹೆಯ ಮಾತಲ್ಲ. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆ ಬಂದು ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಹೋದವು, ಕೈಬರಹದ ಪಹಣಿ ರದ್ದಾಯಿತು. 15 ರೂಪಾಯಿಗೆ ಪಹಣಿ ಕೈಗೆ ಬಂತು, ಲಂಚ ಕೊಟ್ಟು ಕಾಯುವುದು ತಗ್ಗಿತು, ಒಪ್ಪಿಕೊಳ್ಳೋಣ. ಆದರೆ ಹಳೆಯ ಪುಸ್ತಕದ ತಪ್ಪು ಹೊಸ ಯಂತ್ರದೊಳಕ್ಕೆ ಹಾಗೆಯೇ ಹೋಯಿತು. ಒಂದು ಹೆಸರಿನ ಅಕ್ಷರ ಸರಿಮಾಡಿಸಲು ತಹಶೀಲ ಕಚೇರಿಗೆ ಎಷ್ಟು ಸಲ ಅಲೆಯಬೇಕೆಂದು ಇಲ್ಲಿ ಕುಳಿತವರಿಗೆ ನಾವು ಹೇಳಬೇಕಾದ್ದಿಲ್ಲ. ಹಳೆಯ ಪುಸ್ತಕದಿಂದ ಯಂತ್ರಕ್ಕೆ ಅಕ್ಷರ ಏರಿಸಿದ ಗುಮಾಸ್ತನೂ ಒಂದು ಗಂಟೆ ಮಾತಾಡಲಿ. ಕಾಫಿ ಬೋರ್ಡು 2019ರ ಮಾರ್ಚಿನಲ್ಲಿ ಬ್ಲಾಕ್‌ಚೈನ್ ಮೂಲಕ ಕಾಫಿ ಮಾರುವ ಪ್ರಯೋಗ ಹೂಡಿತ್ತಲ್ಲ, ಅದರಿಂದ ಕೊಡಗು ಚಿಕ್ಕಮಗಳೂರಿನ ಸಣ್ಣ ಬೆಳೆಗಾರನಿಗೆ ಎಷ್ಟು ಕಾಸು ಹೆಚ್ಚು ಸಿಕ್ಕಿತೆಂಬುದನ್ನು ಬೋರ್ಡಿನವರಲ್ಲ, ಬೆಳೆಗಾರನೇ ಹೇಳಲಿ.

ಇನ್ನು ಅವರ ಕಡೆಯಿಂದ ಒಬ್ಬರು ನಮಗೆ ಬೇಕು. ಅವರು ಹೇಳಬೇಕಾದ ವಿಷಯ 2016ರದು. ಇಥೀರಿಯಂ ಎಂಬ ಅವರ ಪುಸ್ತಕದಲ್ಲಿ ‘ಡಾವೊ’ ಎಂಬ ಸಾಮೂಹಿಕ ನಿಧಿಯಿತ್ತು. ಜೂನ್ ತಿಂಗಳಲ್ಲಿ ಒಬ್ಬನು ಬರವಣಿಗೆಯ ಲೋಪ ಹಿಡಿದು ಸುಮಾರು 36 ಲಕ್ಷ ಈಥರ್ ನಾಣ್ಯಗಳನ್ನು ಎಳೆದುಕೊಂಡನು. ಬರೆದದ್ದು ಬರೆದದ್ದೇ ಎಂಬುದು ನಿಯಮವಲ್ಲವೇ? ಆದರೂ ಜುಲೈ 20ರಂದು ಪುಸ್ತಕದ ಹಾದಿಯನ್ನೇ ಬೇರೆ ಮಾಡಿ, ಕಳೆದುಕೊಂಡವರಿಗೆ ಹಣ ಮರಳುವಂತೆ ಮಾಡಿದರು. ಒಪ್ಪದವರು ಹಳೆಯ ಪುಸ್ತಕವನ್ನೇ ಹಿಡಿದು ಉಳಿದರು. ಮರಳಿ ಕೊಟ್ಟದ್ದು ತಪ್ಪೆಂದು ನಾವು ಹೇಳುವುದಿಲ್ಲ. ಹಣವಂತರು ಕಳೆದುಕೊಂಡಾಗ ಐದು ವಾರದೊಳಗೆ ತಿದ್ದುಪಡಿ ಆಯಿತು. ಪಹಣಿಯಲ್ಲಿ ಹೆಸರು ಕೆಟ್ಟ ರೈತನಿಗೆ ಅದೇ ದಾರಿ ಏಕಿಲ್ಲವೆಂದು ಕೇಳುತ್ತೇವೆ. ಆ ತಿದ್ದುಪಡಿಗೆ ಅಭಿಪ್ರಾಯ ಕೇಳಿದಾಗ ತಲೆಗೊಂದು ಮತವಿರಲಿಲ್ಲ, ನಾಣ್ಯ ಹೆಚ್ಚಿದ್ದವನ ಮಾತಿಗೆ ತೂಕ ಹೆಚ್ಚು. 2022ರ ಸೆಪ್ಟೆಂಬರಿನಿಂದ ಆ ಪುಸ್ತಕದ ಪುಟಗಳಿಗೆ ಒಪ್ಪಿಗೆಯ ಮುದ್ರೆ ಒತ್ತುವ ಹಕ್ಕು ಕೂಡ 32 ಈಥರ್ ಒತ್ತೆಯಿಟ್ಟವನಿಗೆ. 1952ರಿಂದ ಬಡವನೂ ಜಮೀನ್ದಾರನೂ ಒಂದೊಂದೇ ಮತ ಹಾಕುತ್ತ ಬಂದಿರುವ ಊರಿನಲ್ಲಿ ಇದು ವಿಚಿತ್ರವಾಗಿ ಕೇಳಿಸುತ್ತದೆ. 1951ರ ಕಾಗೋಡು ಸತ್ಯಾಗ್ರಹ ಎದ್ದದ್ದು ಕೊಳಗದ ಅಳತೆಯಿಂದ ಎಂಬುದನ್ನು ನಮ್ಮವರು ಮರೆತಿಲ್ಲ. ಅಳೆಯುವ ಪಾತ್ರೆ ಯಾರ ಕೈಯಲ್ಲಿತ್ತು ಎಂಬುದೇ ಅಲ್ಲಿನ ಜಗಳ.

"ನಮ್ಮವರಿಗೆ ಆ ಸಭೆಯ ಭಾಷೆ ಎಲ್ಲಿ ತಿಳಿಯುತ್ತದೆ?" ಎಂದು ಕೆಲವರು ಅನ್ನುತ್ತಾರೆ. ಅವರು ಕನ್ನಡದಲ್ಲಿಯೇ ಮಾತಾಡಲಿ, ಅನುವಾದಿಸುವ ಹುಡುಗರು ನಮ್ಮಲ್ಲಿದ್ದಾರೆ. ಕಡಗಂಚಿಯ ವಿಶ್ವವಿದ್ಯಾಲಯ ನಮ್ಮ ತಾಲೂಕಿನಲ್ಲಿಯೇ ಇದೆ. ಮುಂಬೈ ಕೂಡ ನಮ್ಮ ಕೂಲಿಕಾರರಿಗೆ ಹೊಸ ಊರಲ್ಲ, ಅಲ್ಲಿಯ ಕಟ್ಟಡಗಳಿಗೆ ಕಲ್ಲು ಹೊತ್ತ ಮನೆತನಗಳು ಈ ಸುತ್ತಿನಲ್ಲಿ ಎಷ್ಟೋ ಇವೆ. ತೊಡಕಿರುವುದು ಕೂಲಿಯಲ್ಲಿ. ಮೂರು ದಿನ ಊರು ಬಿಟ್ಟರೆ ಮೂರು ದಿನದ ದುಡಿಮೆ ಹೋಯಿತು. ಆದುದರಿಂದ ಕಾಗದದಲ್ಲಿ ಇದನ್ನೂ ಬರೆಯಬೇಕು: ರೈಲಿನ ಖರ್ಚು, ಊಟ, ತಂಗಲು ಸ್ಥಳ, ಹೋಗಿ ಬರುವ ಎಲ್ಲ ದಿನಗಳ ಕೂಲಿ. ಹೆಣ್ಣುಮಗಳ ಜೊತೆಗೆ ಇನ್ನೊಬ್ಬ ಹೆಣ್ಣುಮಗಳ ಖರ್ಚೂ ಸೇರಬೇಕು.

ಕಾಗದದ ಕರಡು ನಮ್ಮ ಬಳಿಯಿದೆ. ಯಾರನ್ನು ಕಳಿಸಬೇಕೆಂದು ನಾವೊಬ್ಬರೇ ಬರೆದರೆ ಅದೂ ಮೇಲಿನಿಂದ ಬಂದ ಪಟ್ಟಿಯಾಗುತ್ತದೆ. ಆದುದರಿಂದ ಹೆಸರಿನ ಜಾಗ ಖಾಲಿ ಬಿಟ್ಟಿದ್ದೇವೆ. ಈಗ ಓದುತ್ತೇವೆ, ನಿಮ್ಮ ಓಣಿಯಲ್ಲಿ ತಕ್ಕವರು ಯಾರೆಂದು ಒಬ್ಬೊಬ್ಬರಾಗಿ ಎದ್ದು ಹೇಳಿ. ಹಿಂದೆ ಕುಳಿತಿರುವ ತಾಯಂದಿರಿಂದ ಶುರುವಾಗಲಿ.