ಮಿಕ್ಕಿದ್ದು ದಾಸೋಹವಲ್ಲ



ಈ ಎರಡು ದಿನ ನಾವು ನೀವೆಲ್ಲ ಕೂಡಿ ಮಂಗಳೂರು ನಗರದ ಕೊರಗರ ಕಾಲೊನಿಗಳಿಗೆ ಹೋಗಿ ಬಂದೆವು. ಅವರ ಮಕ್ಕಳು ಸಂಜೆ ಕುಳಿತು ಓದುವ ಪಾಠದ ಮನೆಯನ್ನು, ಅಂಗನವಾಡಿಯನ್ನು, ವಿದ್ಯಾರ್ಥಿ ನಿಲಯವನ್ನು ಕಂಡೆವು. "ಬುದ್ಧಿ, ಈ ಮಕ್ಕಳಿಗೆ ನಾವು ಏನು ಕೊಡೋಣ?" ಎಂದು ನಿಮ್ಮಲ್ಲಿ ಹಲವರು ಕೇಳಿದ್ದೀರಿ. ನಾಳೆ ಘಟ್ಟ ಹತ್ತಿ ಊರಿಗೆ ಮರಳುವ ಮೊದಲು ಆ ಪ್ರಶ್ನೆಗೆ ಇಲ್ಲಿಯೇ ಉತ್ತರ ಹುಡುಕಬೇಕು.

ಕೊರಗರು ಈ ಕರಾವಳಿಯ ಮೂಲನಿವಾಸಿಗಳು. ಕಾಡಿನ ಬಳ್ಳಿ ತಂದು ಬುಟ್ಟಿ ಹೆಣೆಯುವುದು ಅವರ ಪರಂಪರೆಯ ಕಾಯಕ. ಅವರಿಗೆ ತಮ್ಮದೇ ಆದ ಭಾಷೆಯುಂಟು. 2001ರ ಜನಗಣತಿಯಲ್ಲಿ ನಮ್ಮ ರಾಜ್ಯದ ಕೊರಗರು 16 ಸಾವಿರದಷ್ಟಿದ್ದರು. 2011ರ ಹೊತ್ತಿಗೆ 15 ಸಾವಿರಕ್ಕೂ ಕಡಿಮೆಯಾದರು. ಸುತ್ತಲಿನ ಜನ ಬೆಳೆಯುತ್ತಿರುವಾಗ ಒಂದು ಜನಾಂಗ ಕರಗುತ್ತಿದೆ. ಅರೆಹೊಟ್ಟೆ, ರಕ್ತಹೀನತೆ, ರೋಗ ಇವೇ ಅದಕ್ಕೆ ಕಾರಣಗಳು.

ಅದಕ್ಕಿಂತ ದೊಡ್ಡ ರೋಗವೊಂದಿತ್ತು. ಅದರ ಹೆಸರು ಅಜಲು. ಮನೆಯಲ್ಲಿ ಬಸುರಿಗೆ ಸೀಮಂತವಾದರೆ, ಅನ್ನದಲ್ಲಿ ಕೂದಲು ಉಗುರು ಬೆರೆಸಿ ಕೊರಗರನ್ನು ಕರೆದು ಉಣ್ಣಿಸುತ್ತಿದ್ದರು. ಮನೆಯ ಕೇಡೆಲ್ಲ ಉಂಡವನಿಗೆ ಹೋಗಲಿ ಎಂಬುದು ಅದರ ಅಭಿಪ್ರಾಯ! ಕಂಬಳದಲ್ಲಿ ಕೋಣಗಳು ಓಡುವ ಮೊದಲು ಕೊರಗರನ್ನು ಗದ್ದೆಯಲ್ಲಿ ಓಡಿಸುತ್ತಿದ್ದರು. ಈ ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ಕರ್ನಾಟಕ ಸರಕಾರ ಪ್ರತ್ಯೇಕ ಕಾಯಿದೆಯನ್ನೇ ಮಾಡಬೇಕಾಯಿತು. ಯೋಚಿಸಿರಿ: ಮನುಷ್ಯನಿಗೆ ಕೂದಲು ಬೆರೆತ ಅನ್ನ ಉಣ್ಣಿಸಬೇಡಿರಿ ಎಂದು ಹೇಳಲು, ಸ್ವಾತಂತ್ರ್ಯ ಬಂದು 53 ವರ್ಷಗಳಾದ ಮೇಲೆ ಒಂದು ಕಾನೂನು!

ಇದು ನಮ್ಮ ನಾಡಿನದೊಂದೇ ಕಥೆಯಲ್ಲ. ಯುರೋಪಿನಲ್ಲಿ ರೋಮಾ ಎಂಬ ಜನರಿದ್ದಾರೆ. ಸುಮಾರು ಸಾವಿರ ವರ್ಷಗಳ ಹಿಂದೆ ನಮ್ಮ ದೇಶದಿಂದಲೇ ಹೊರಟುಹೋದವರು. ಇಂದಿಗೂ ಅವರು ನೀರಿಗೆ ಪಾನಿ ಎನ್ನುತ್ತಾರೆ, ಮೂಗಿಗೆ ನಾಕ್ ಎನ್ನುತ್ತಾರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾಜಿಗಳು ಅವರನ್ನು ಲಕ್ಷಗಟ್ಟಲೆ ಕೊಂದರು. ಯುದ್ಧ ಮುಗಿದ ಮೇಲೂ ಅವಮಾನ ಮುಗಿಯಲಿಲ್ಲ. ಚೆಕ್ ದೇಶದ ಒಸ್ತ್ರಾವಾ ನಗರದಲ್ಲಿ ರೋಮಾ ಮಕ್ಕಳನ್ನು ಬುದ್ಧಿಮಾಂದ್ಯರ ಶಾಲೆಗಳಿಗೆ ತಳ್ಳುತ್ತಿದ್ದರು. ಅಲ್ಲಿಯ ಹದಿನೆಂಟು ಮಕ್ಕಳ ಪರವಾಗಿ ದೂರು ಹೋಯಿತು. 2007ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು ಇದು ಭೇದಭಾವವೆಂದು ತೀರ್ಪು ಕೊಟ್ಟಿತು. ಮಕ್ಕಳ ಬುದ್ಧಿ ಮಂದವಾಗಿರಲಿಲ್ಲ. ಅಳೆಯುವವರ ಕಣ್ಣು ಮಂದವಾಗಿತ್ತು.

ಇಲ್ಲಿಯೂ ಹಾಗೆಯೇ. ಮನೆಯಲ್ಲಿ ಕೊರಗ ಭಾಷೆ ಇಲ್ಲವೆ ತುಳು ಆಡುವ ಮಗು ಶಾಲೆಗೆ ಹೋದರೆ ಪುಸ್ತಕದಲ್ಲಿರುವುದು ಕನ್ನಡ. ಮಗು ಬಾಯಿ ಬಿಡುವುದಿಲ್ಲ. 'ಇದು ದಡ್ಡ' ಎಂದು ಹಿಂದಿನ ಸಾಲಿಗೆ ಕೂರಿಸಿಬಿಟ್ಟರೆ ಅದರ ಓದು ಅಲ್ಲಿಗೇ ನಿಂತಿತು. ನಿನ್ನೆ ನಾವು ಕಂಡ ಪಾಠದ ಮನೆಯಲ್ಲಿ ಕಲಿಸುವವಳು ಅದೇ ಸಮುದಾಯದ ಹೆಣ್ಣುಮಗಳು. ಮೊದಲು ಮನೆಯ ಮಾತಿನಲ್ಲಿ ಹೇಳಿ, ಆಮೇಲೆ ಕನ್ನಡಕ್ಕೆ ಕರೆತರುತ್ತಾಳೆ. ಮಕ್ಕಳು ಎಷ್ಟು ಚುರುಕಾಗಿ ಲೆಕ್ಕ ಹೇಳಿದರು, ನೀವೇ ಕೇಳಿದಿರಿ!

ಇನ್ನು ನಿಮ್ಮ ಪ್ರಶ್ನೆಗೆ ಬರೋಣ. ಮನೆಯಲ್ಲಿರುವ ಹಳೆಯ ಬಟ್ಟೆ ಕಳಿಸೋಣವೇ ಎಂದು ಕೆಲವರು ಕೇಳಿದಿರಿ. ಜಾತ್ರೆಯಲ್ಲಿ ಮಿಕ್ಕ ಅಕ್ಕಿ ಬೇಳೆ ಕಳಿಸೋಣವೇ ಎಂದರು ಕೆಲವರು. ನಿಮ್ಮ ಮನಸ್ಸು ಒಳ್ಳೆಯದು, ಸಂಶಯವಿಲ್ಲ. ಆದರೆ ತಲೆತಲಾಂತರದಿಂದ ಎಂಜಲನ್ನೇ ಕಂಡವರ ಮುಂದೆ ಮತ್ತೆ ಮಿಕ್ಕಿದ್ದನ್ನೇ ಹಿಡಿಯಬಹುದೇ? ಕಾಲೊನಿಯ ಅಜ್ಜಿಯೊಬ್ಬರು ನಮ್ಮೊಡನೆ ಆಡಿದ ಮಾತು ಇದು: "ಬಂದವರೆಲ್ಲ ಕೊಟ್ಟು ಹೋಗುತ್ತಾರೆ ಸ್ವಾಮೀ. ಕೂತು ಉಂಡವರು ಕಡಿಮೆ." ಕೊಡುವವನು ಮೇಲೆ, ಪಡೆಯುವವನು ಕೆಳಗೆ ಎಂಬುದು ದಾನ. ಉಣ್ಣುವವನಲ್ಲಿ ಶಿವನನ್ನು ಕಂಡು, ತಾನು ದಾಸನಾಗಿ ನೀಡುವುದು ದಾಸೋಹ. ಬಸವಾದಿ ಶರಣರು ದಾನವೆಂಬ ಮಾತನ್ನು ಬಿಟ್ಟು ದಾಸೋಹವೆಂದದ್ದು ಇದಕ್ಕಾಗಿಯೇ.

ಆ ಅಜ್ಜಿ ಬಡಿಸಿದ ಕುಚ್ಚಲಕ್ಕಿ ಗಂಜಿಯನ್ನು ನಾವು ಲಿಂಗಕ್ಕೆ ತೋರಿ ಪ್ರಸಾದವೆಂದು ಸ್ವೀಕರಿಸಿದೆವು. ನಮ್ಮೊಡನೆ ಬಂದವರಲ್ಲಿ ನಾಲ್ಕೈದು ಜನ "ಈಗಷ್ಟೇ ಉಂಡಿದ್ದೇವೆ" ಎಂದು ಅಂಗಳದ ಹೊರಗೇ ನಿಂತರು. ಅವರು ಯಾರೆಂದು ನಾವು ಹೇಳುವುದಿಲ್ಲ. ಅವರ ಹೊಟ್ಟೆಗೆ ಗೊತ್ತು. (ನಗು) ಆದರೆ ಒಂದು ಮಾತು ಕೇಳುತ್ತೇವೆ. ಮೇದಾರ ಕೇತಯ್ಯನವರ ಹೆಸರು ಹೇಳಿ ಕೈ ಮುಗಿಯುತ್ತೀರಿ. ಅವರು ಕಲ್ಯಾಣದಲ್ಲಿ ಬಿದಿರು ಸೀಳಿ, ಬುಟ್ಟಿ ಮೊರ ಹೆಣೆದು ಮಾರಿ, ಅದರಿಂದ ಬಂದದ್ದರಲ್ಲಿ ಜಂಗಮ ದಾಸೋಹ ನಡೆಸಿದ ಶರಣರು. ಎಂಟುನೂರು ವರ್ಷಗಳ ಹಿಂದಿನ ಬುಟ್ಟಿ ಹೆಣೆಯುವವರಿಗೆ ಶರಣು ಎನ್ನುವ ನೀವು, ಇಂದು ಕಣ್ಣೆದುರಿಗೆ ಬುಟ್ಟಿ ಹೆಣೆಯುವ ತಾಯಿಯ ಗಂಜಿಗೆ ಹಿಂಜರಿದರೆ, ಆ ಶರಣು ಯಾರಿಗೆ ಸಲ್ಲುತ್ತದೆ?

ಈ ಊರಿನಲ್ಲಿಯೇ ಒಬ್ಬ ಮಹಾನುಭಾವರು ಆಗಿಹೋದರು, ಕುದ್ಮುಲ್ ರಂಗರಾಯರು. ಸಾರಸ್ವತ ಬ್ರಾಹ್ಮಣರು, ವಕೀಲರು. 1892ರಲ್ಲಿ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. ಸ್ವಂತ ಜಾತಿಯವರೇ ಬಹಿಷ್ಕಾರ ಹಾಕಿದರೂ ಜಗ್ಗಲಿಲ್ಲ. ತಮ್ಮ ಶಾಲೆಯಲ್ಲಿ ಓದಿದ ದಲಿತ ಮಗುವೊಂದು ದೊಡ್ಡ ಹುದ್ದೆಗೇರಿ ಕಾರಿನಲ್ಲಿ ಓಡಾಡಬೇಕು, ಆ ಕಾರು ಎಬ್ಬಿಸಿದ ಧೂಳು ತಮ್ಮ ತಲೆಗೆ ತಾಗಿದರೆ ಜನ್ಮ ಸಾರ್ಥಕ ಎನ್ನುತ್ತಿದ್ದರಂತೆ. 1928ರಲ್ಲಿ ಅವರು ತೀರಿಕೊಂಡರು. ಮಕ್ಕಳು ತಮಗೆ ಕೈ ಮುಗಿಯಲಿ ಎಂದು ಅವರು ಬಯಸಲಿಲ್ಲ. ತಮ್ಮನ್ನು ದಾಟಿ ಮುಂದೆ ಹೋಗಲಿ ಎಂದು ಬಯಸಿದರು.

ಕೊರಗರೂ ಕೈಯೊಡ್ಡಿ ಕುಳಿತವರಲ್ಲ. 1993ರ ಆಗಸ್ಟ್ 18ರಂದು ಇದೇ ಮಂಗಳೂರಿನ ಬೀದಿಯಲ್ಲಿ ಮೆರವಣಿಗೆ ಹೊರಟು ಭೂಮಿ ಕೇಳಿದರು. ಆ ದಿನವನ್ನು ಈಗಲೂ ಭೂಮಿ ಹಬ್ಬವೆಂದು ಆಚರಿಸುತ್ತಾರೆ. ಅವರ ಮಕ್ಕಳಲ್ಲಿ ಕಾಲೇಜು, ವಿಶ್ವವಿದ್ಯಾಲಯದವರೆಗೆ ಹೋದವರೂ ಇದ್ದಾರೆ. ದಾರಿಯನ್ನು ಅವರೇ ಮಾಡಿಕೊಂಡಿದ್ದಾರೆ. ನಮ್ಮ ಪಾಲಿನದು ಅಡ್ಡಬಂದ ಕಲ್ಲನ್ನು ಸರಿಸುವ ಕೆಲಸ.

ಆದ್ದರಿಂದ ನಾವು ಹೇಳುವುದಿಷ್ಟು. ಪಾಠದ ಮನೆಗೆ ಕೊಡುವುದಾದರೆ ಹೊಸ ಪುಸ್ತಕ, ಹೊಸ ಬಟ್ಟೆ ಕೊಡಿರಿ. ಅದೂ ಕಲಿಸುವ ತಾಯಿಯನ್ನು ಕೇಳಿ, ಬೇಕಾದುದನ್ನೇ ಕೊಡಿರಿ. ಪ್ಲಾಸ್ಟಿಕ್ ಬಂದು ಅವರ ಬುಟ್ಟಿಗೆ ಗಿರಾಕಿಯಿಲ್ಲದಂತಾಗಿದೆ. ಮುಂದಿನ ಜಾತ್ರೆಯ ದಾಸೋಹಕ್ಕೆ ಅನ್ನದ ಬುಟ್ಟಿಗಳನ್ನು ಮಠವು ಇವರಿಂದಲೇ, ಇವರು ಹೇಳಿದ ಬೆಲೆಗೆ ಕೊಳ್ಳುತ್ತದೆ. ನಮ್ಮ ಪ್ರಸಾದ ನಿಲಯದಲ್ಲಿ ಓದಬಯಸುವ ಮಗುವಿಗೆ ಜಾಗವುಂಟು. ಜಾತ್ರೆಗೆ ಆ ಅಜ್ಜಿಯನ್ನೂ ಕಾಲೊನಿಯವರನ್ನೂ ಆಹ್ವಾನಿಸಿದ್ದೇವೆ. ಅವರು ಹೆಣೆದ ಬುಟ್ಟಿಯ ಅನ್ನವನ್ನು ಅವರೊಡನೆ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣೋಣ. ಅಂದು ಯಾರೂ "ಈಗಷ್ಟೇ ಉಂಡು ಬಂದೆವು" ಎನ್ನಬಾರದು, ಹಸಿದುಕೊಂಡೇ ಬರಬೇಕು.

ಅಂಥ ಹಸಿವನ್ನು ಗುರು ಬಸವಣ್ಣನವರು ನಮಗೆಲ್ಲ ಕರುಣಿಸಲಿ.