ಉತ್ತರ ಯಂತ್ರದ್ದಾದರೂ ಸಹಿ ಗುರುವಿನದು



ವೃತ್ತಿಯಿಂದ ನಾನು ಲೆಕ್ಕಪರಿಶೋಧಕ. ವಾರದ ಆರು ದಿನ ಇತರರು ಬರೆದ ಲೆಕ್ಕವನ್ನು ಪರಿಶೀಲಿಸುತ್ತೇನೆ. ಭಾನುವಾರ ಬೆಳಿಗ್ಗೆ ಇಲ್ಲಿ ಪುಣೆಯಲ್ಲಿ ನಮ್ಮ ಸಮಾಜದ ಹನ್ನೊಂದು, ಹನ್ನೆರಡನೆಯ ತರಗತಿಯ ವಾಣಿಜ್ಯ ವಿದ್ಯಾರ್ಥಿಗಳಿಗೆ ಲೆಕ್ಕಶಾಸ್ತ್ರವನ್ನು ಹೇಳಿಕೊಡುತ್ತೇನೆ. ಕೃತಕ ಬುದ್ಧಿಮತ್ತೆಯನ್ನು ಕುರಿತು ನಾನು ಆಡುವ ಮಾತು ಈ ಎರಡು ಕೆಲಸಗಳಿಂದ ಹುಟ್ಟಿದ್ದು.

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಸಾರ್ವಜನಿಕರ ಕೈಗೆ ಬಂದ ಮೇಲೆ ನಮ್ಮ ಮನೆಗಳಲ್ಲಿ ಎರಡು ಪಕ್ಷಗಳಾಗಿವೆ. ಒಂದು ಪಕ್ಷಕ್ಕೆ ಅದು ಮಕ್ಕಳ ಬುದ್ಧಿಯನ್ನು ಮಂಕಾಗಿಸುವ ಪಿಡುಗು. ಇನ್ನೊಂದಕ್ಕೆ ಟ್ಯೂಷನ್ ಶುಲ್ಕವನ್ನು ಉಳಿಸಿಕೊಡುವ ಉಪಾಯ. ಆ ಯಂತ್ರವು ತರಗತಿಯಲ್ಲಿರುವಾಗ ಅಧ್ಯಾಪಕನ ಕೆಲಸವೇನು ಎಂಬ ಪ್ರಶ್ನೆಯನ್ನು ಮಾತ್ರ ಇಬ್ಬರೂ ಕೇಳುವುದಿಲ್ಲ.

ನಾನು ಮಾಡುತ್ತಿರುವುದನ್ನು ಹೇಳುತ್ತೇನೆ. ಇಪ್ಪತ್ತೆರಡು ಮಕ್ಕಳಿಗೆ ಒಂದೇ ಲೆಕ್ಕವನ್ನು ಕೊಟ್ಟರೆ ಒಬ್ಬರು ಬಿಡಿಸುತ್ತಾರೆ, ವಾಟ್ಸಾಪ್ ಮೂಲಕ ಉಳಿದವರಿಗೂ ಉತ್ತರ ತಲುಪುತ್ತದೆ. ಈಗ ಒಂದೇ ಮಾದರಿಯ ಲೆಕ್ಕವನ್ನು ಬೇರೆ ಬೇರೆ ಅಂಕಿಗಳಲ್ಲಿ ಇಪ್ಪತ್ತೆರಡು ಬಗೆಯಾಗಿ ಯಂತ್ರದಿಂದ ಬರೆಯಿಸುತ್ತೇನೆ. ಶನಿವಾರದ ಸಂಜೆಯೆಲ್ಲ ಹಿಡಿಯುತ್ತಿದ್ದ ಕೆಲಸ ಕೆಲವು ನಿಮಿಷಗಳಲ್ಲಿ ಮುಗಿಯುತ್ತದೆ. ಆದರೆ ಪ್ರತಿಯೊಂದು ಉತ್ತರವನ್ನೂ ನಾನೇ ಎಕ್ಸೆಲ್‌ನಲ್ಲಿ ತಾಳೆ ನೋಡಿದ ಬಳಿಕವೇ ಹಾಳೆಯು ಮಕ್ಕಳ ಕೈಸೇರುತ್ತದೆ.

ಇನ್ನೊಂದು ಬಳಕೆ ಇದಕ್ಕಿಂತ ಮುಖ್ಯವಾದುದು. ಯಂತ್ರವು ತಪ್ಪಿದ ಉತ್ತರವನ್ನು ನಾನು ಅಳಿಸುವುದಿಲ್ಲ. ಅದನ್ನೇ ಹಲಗೆಯ ಮೇಲೆ ಬರೆದು, ನೀವೇ ಪರಿಶೋಧಕರು, ದೋಷವನ್ನು ಹಿಡಿಯಿರಿ ಎನ್ನುತ್ತೇನೆ. ಒಂದು ಉದಾಹರಣೆ: ಅಕ್ಟೋಬರ್ 1ರಂದು 1,00,000 ರೂಪಾಯಿಗೆ ಕೊಂಡ ಯಂತ್ರ, ಉಳಿದ ಮೌಲ್ಯದ ಮೇಲೆ ವರ್ಷಕ್ಕೆ ಶೇ. 10 ಸವಕಳಿ, ಲೆಕ್ಕದ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಬಂದ ಉತ್ತರದಲ್ಲಿ ಮೊದಲ ವರ್ಷ 10,000, ಎರಡನೆಯ ವರ್ಷ 9,000, ಉಳಿದದ್ದು 81,000. ಹಂತಗಳು ಅಚ್ಚುಕಟ್ಟು, ಭಾಷೆ ನಿಸ್ಸಂದೇಹ. ಮಕ್ಕಳು ಮೊದಲು ಗುಣಾಕಾರವನ್ನು ಪರೀಕ್ಷಿಸಿದರು, ಅದರಲ್ಲಿ ದೋಷವಿರಲಿಲ್ಲ. ಕೊನೆಗೆ ಒಬ್ಬ ಹುಡುಗಿ, "ಕೊಂಡದ್ದು ಅಕ್ಟೋಬರಿನಲ್ಲಿ ಅಲ್ಲವೇ ಸರ್?" ಎಂದಳು. ಮೊದಲ ವರ್ಷಕ್ಕೆ ಸಲ್ಲುವುದು ಆರು ತಿಂಗಳ 5,000 ಮಾತ್ರ, ಎರಡನೆಯ ವರ್ಷ 95,000ದ ಮೇಲೆ 9,500, ಉಳಿಯುವುದು 85,500. ಸವಕಳಿಯ ನಿಯಮವನ್ನು ನಾನು ಮೂರು ಬಾರಿ ವಿವರಿಸಿದ್ದರೂ ನಾಟದಿದ್ದುದು, 4,500 ರೂಪಾಯಿಯ ಆ ಒಂದು ವ್ಯತ್ಯಾಸದಿಂದ ನಾಟಿತು.

ನಮ್ಮ ಕನ್ನಡ ತರಗತಿಯನ್ನು ನಡೆಸುವ ಸೋದರಿಯೊಬ್ಬರ ಅನುಭವವೂ ಇಂತಹುದೇ. 941ರಲ್ಲಿ ಪಂಪನು ರಚಿಸಿದ ಆದಿಪುರಾಣದಿಂದ ಒಂದು ಪದ್ಯವನ್ನು ಕೇಳಿದಾಗ, ಅಚ್ಚಾದ ಪುಸ್ತಕದಲ್ಲಿ ಎಲ್ಲಿಯೂ ದೊರೆಯದ ಸಾಲುಗಳು ಪಂಪನ ಹೆಸರಿನಲ್ಲಿ ಬಂದವು. ಕಾರಣ ಸರಳವಾಗಿದೆ. ಈ ಯಂತ್ರವು ಮೂಲತಃ ಒಂದು ಪದದ ಮುಂದೆ ಯಾವ ಪದ ಬರಬಹುದೆಂದು ಊಹಿಸುತ್ತದೆ. ಗ್ರಂಥವನ್ನು ತೆರೆದು ನೋಡಿಯೇ ಹೇಳುತ್ತದೆಂಬ ಭರವಸೆಯಿಲ್ಲ. ಅದು ಕಲಿತ ಬರಹದಲ್ಲಿ ಇಂಗ್ಲಿಷಿನ ಪಾಲು ಅಪಾರ, ಕನ್ನಡದ್ದು ಅಲ್ಪ, ಹಳಗನ್ನಡದ್ದು ಅತ್ಯಲ್ಪ. ಊರಿನಿಂದ ದೂರ ಬೆಳೆಯುವ ನಮ್ಮ ಮಕ್ಕಳಿಗೆ ಸುಳ್ಳು ಪದ್ಯವೇ ಪಂಪನ ಪದ್ಯವೆಂದು ಉಳಿದುಬಿಟ್ಟರೆ, ಅದನ್ನು ತಿದ್ದುವ ಅಜ್ಜ ಅಜ್ಜಿಯರು ಪಕ್ಕದಲ್ಲಿಲ್ಲ. ನಷ್ಟವು ಇಲ್ಲಿದೆ.

ಪಾಲಕರಿಗೆ ಒಂದು ಮಾತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ದೃಷ್ಟಿಯಲ್ಲಿ 18 ವರ್ಷ ತುಂಬದವರೆಲ್ಲರೂ ಮಕ್ಕಳೇ. ಅವರ ಮಾಹಿತಿಯನ್ನು ಬಳಸಲು ಪಾಲಕರ ಒಪ್ಪಿಗೆ ಬೇಕೆಂಬುದು ಅದರ ತತ್ತ್ವ. ಆದ್ದರಿಂದ ಯಾವ ವಿದ್ಯಾರ್ಥಿಯ ಹೆಸರನ್ನೂ, ಅಂಕವನ್ನೂ, ಮನೆಯ ಸಂಗತಿಯನ್ನೂ ನಾನು ಯಂತ್ರಕ್ಕೆ ಕೊಡುವುದಿಲ್ಲ. ನಿಮ್ಮ ಮಕ್ಕಳ ಶಾಲೆಯಲ್ಲಿ ಏನು ನಡೆಯುತ್ತಿದೆಯೆಂದು ಕೇಳುವ ಹಕ್ಕು ನಿಮಗಿದೆ, ದಯವಿಟ್ಟು ಕೇಳಿ.

ಸರ್ಕಾರಕ್ಕೂ ಒಂದು ಮಾತು ಸಲ್ಲಬೇಕು. ಸಿಬಿಎಸ್‌ಇ 2019ರಲ್ಲಿಯೇ ಒಂಬತ್ತನೆಯ ತರಗತಿಗೆ ಈ ವಿಷಯವನ್ನು ಐಚ್ಛಿಕವಾಗಿ ತಂದಿತು. 2026-27ರಿಂದ ಮೂರನೆಯ ತರಗತಿಯಿಂದಲೇ ಕಲಿಸುವುದಾಗಿ ಕೇಂದ್ರವು 2025ರಲ್ಲಿ ಘೋಷಿಸಿತು. ಕಲಿಸಲಿ. ಆದರೆ ಇದೇ ದೇಶದಲ್ಲಿ ಒಬ್ಬರೇ ಅಧ್ಯಾಪಕರಿರುವ ಶಾಲೆಗಳು ಒಂದು ಲಕ್ಷಕ್ಕೂ ಹೆಚ್ಚಿವೆಯೆಂದು ಸರ್ಕಾರದ ಅಂಕಿಅಂಶಗಳೇ ಹೇಳುತ್ತವೆ. ಯಂತ್ರವು ಇರುವ ಅಧ್ಯಾಪಕನ ಸಮಯವನ್ನು ಉಳಿಸಬಲ್ಲದು. ಇಲ್ಲದ ಅಧ್ಯಾಪಕನ ಸ್ಥಾನವನ್ನು ತುಂಬಲಾರದು. ನೇಮಕಾತಿಯ ಕೊರತೆಯನ್ನು ಟ್ಯಾಬ್ಲೆಟ್‌ಗಳಿಂದ ಮುಚ್ಚಲು ಹೊರಟರೆ ನಾವು ಅದನ್ನು ಒಪ್ಪಬಾರದು.

ನನ್ನ ಕಚೇರಿಯಲ್ಲಿ ಕೂಡುವುದು, ಕಳೆಯುವುದು ಎಂದೋ ಗಣಕಯಂತ್ರದ ಪಾಲಾಗಿದೆ. ಆದರೂ ವರದಿಯಲ್ಲಿ ತಪ್ಪಿದ್ದರೆ ಉತ್ತರಿಸಬೇಕಾದವನು ಸಹಿ ಮಾಡಿದ ನಾನು. ಸಾಫ್ಟ್‌ವೇರನ್ನು ಯಾರೂ ವಿಚಾರಣೆಗೆ ಕರೆಯುವುದಿಲ್ಲ. ತರಗತಿಯಲ್ಲಿಯೂ ಇದೇ ನಿಯಮವಿರಲಿ. ಅಧ್ಯಾಪಕರು ತಾವು ಪರಿಶೀಲಿಸದ ಒಂದು ಹಾಳೆಯನ್ನೂ ಹಂಚದಿರಲಿ. ಪಾಲಕರು ಸಂಜೆ, "ಹೋಮ್‌ವರ್ಕ್ ಮುಗಿಯಿತೇ?" ಎನ್ನುವುದರ ಬದಲು, "ಇಂದು ಯಂತ್ರದ ಯಾವ ತಪ್ಪನ್ನು ಹಿಡಿದೆ?" ಎಂದು ಮಗುವನ್ನು ಕೇಳಿನೋಡಲಿ.